ಸರಹದ್ದುಗಳ ಮೇಲೊಬ್ಬ ಸವಾರ

ಬೈಸಿಕಲ್ಲು ನಮ್ಮ ಊರುಗಳಲ್ಲಿ ಯಾರೂ ತಿರುಗಿ ನೋಡದ ವಸ್ತುವಾಗಿ ಬಹುಕಾಲವಾಯಿತು. ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಬರುವ ಗೌಳಿಗನು, ಅಂಚೆಯ ಚೀಲ ಹೊತ್ತವನು, ಸೊಲ್ಲಾಪುರದ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಬೆಳಗಿನ ಭೋಂಗಾ ಕೂಗುವ ಮೊದಲೆ ಪಾಳಿಗೆ ಧಾವಿಸುತ್ತಿದ್ದ ಕಾಮಗಾರನು, ಇವರೆಲ್ಲರ ಸಂಸಾರಗಳನ್ನು ಸಾಕಿದ ಬಡವಾಹನವದು. ಇದೇ ವಾಹನವನ್ನು ಕಾಣುವುದಕ್ಕಾಗಿ ಒಂದು ಕಾಲದಲ್ಲಿ ಊರಿಗೆ ಊರೇ ಅಂಗಡಿ ಮುಚ್ಚಿ ಕೂಡುತ್ತಿತ್ತೆಂದರೆ ಇಂದಿನ ಮಕ್ಕಳು ನಕ್ಕಾರು. ಆದರೆ ಅದು ನಡೆದ ಸಂಗತಿ. 1884ರಿಂದ 1886ರವರೆಗೆ ಒಬ್ಬನೇ ಒಬ್ಬ ಮನುಷ್ಯನು ಬೈಸಿಕಲ್ಲಿನ ಮೇಲೆ ಅಮೇರಿಕೆಯ ಪರ್ವತಗಳನ್ನೂ, ಅರ್ಮೇನಿಯಾದ ಎತ್ತರನಾಡನ್ನೂ, ಇರಾನಿನ ಮರಳುಗಾಡನ್ನೂ ದಾಟಿ ಭೂಮಂಡಲವನ್ನು ಸುತ್ತಿ ಬಂದನು. ಅವನ ಹೆಸರು ಥಾಮಸ್ ಸ್ಟೀವನ್ಸ್.

ಈ ಕಥೆಯನ್ನು ನಮ್ಮ ಸಂಘದ ಸಂಚಿಕೆಯಲ್ಲಿ ಹೇಳುವುದಕ್ಕೆ ಕಾರಣವುಂಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಾವು ಗಡಿಯೆಂಬುದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಹೊಲದ ಬದುವಿನಾಚೆಗೆ ಒಂದು ರಾಜ್ಯ, ಈಚೆಗೆ ಒಂದು ರಾಜ್ಯ. ಮಗಳನ್ನು ಕೊಟ್ಟ ಊರು ಒಂದು ಕಡೆಗೆ, ಕಂದಾಯ ಕಟ್ಟುವ ಕಚೇರಿ ಇನ್ನೊಂದು ಕಡೆಗೆ. ಇಂಥ ನಮಗೆ ಸ್ಟೀವನ್ಸನ ಯಾತ್ರೆಯಲ್ಲಿ ಎದ್ದು ಕಾಣುವುದು ಅವನ ಕಾಲಿನ ಬಲವಲ್ಲ. ಬೆಟ್ಟಗಳಾಗಲಿ ಮರುಭೂಮಿಗಳಾಗಲಿ ಎಲ್ಲಿಯೂ ಅವನನ್ನು ಹಿಂದಕ್ಕೆ ತಿರುಗಿಸಲಿಲ್ಲ. ತಿರುಗಿಸಿದ್ದು ದೊರೆಗಳು ಆಗತಾನೆ ಎಳೆಸುತ್ತಿದ್ದ ಒಂದು ಗೆರೆ.

ಸ್ಟೀವನ್ಸನು 1854ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನಲ್ಲಿ ಹುಟ್ಟಿದನು. ತಾರುಣ್ಯದಲ್ಲಿಯೇ ಹೊಟ್ಟೆಪಾಡಿಗಾಗಿ ಅಮೇರಿಕೆಗೆ ಹೋಗಿ ಅಲ್ಲಿಯ ಪಶ್ಚಿಮ ಪ್ರಾಂತಗಳಲ್ಲಿ ರೈಲ್ವೆಯ ಕೆಲಸ, ಗಣಿಯ ಕೆಲಸ ಎಂದು ಕೈಗೆ ಸಿಕ್ಕ ಕೂಲಿಯನ್ನು ಮಾಡಿದನು. ದೊಡ್ಡ ಮನೆತನವಿಲ್ಲ, ಸಂಪತ್ತಿಲ್ಲ, ಕುಸ್ತಿಯ ಮೈಕಟ್ಟೂ ಇಲ್ಲ. ಬೈಸಿಕಲ್ಲಿನ ಮೇಲೆ ಖಂಡವನ್ನು ದಾಟಬೇಕೆಂಬ ಹುಚ್ಚು ತಲೆಗೆ ಹೊಕ್ಕಾಗ ಅವನಿಗೆ ಅದನ್ನು ಹತ್ತುವುದಕ್ಕೂ ಬರುತ್ತಿರಲಿಲ್ಲವೆಂಬುದೇ ಸೋಜಿಗ. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಬಂದು, ವಾಹನವನ್ನು ಕೊಂಡು, ಅಲ್ಲಿಯೇ ಬಿದ್ದು ಎದ್ದು ಕಲಿತನು.

ಆ ವಾಹನದ ರಚನೆಯನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಇಲ್ಲವಾದರೆ ಅವನ ಪಾಡು ವಾಚಕರಿಗೆ ಮನದಟ್ಟಾಗದು. ಇಂದಿನ ಸೈಕಲ್ಲಿನಂತೆ ಅದಕ್ಕೆ ಎರಡು ಸಮನಾದ ಗಾಲಿಗಳಿರಲಿಲ್ಲ. ಮುಂದಿನ ಗಾಲಿಯ ವ್ಯಾಸ 50 ಅಂಗುಲ, ಎಂದರೆ ಎದೆಮಟ್ಟದ ಎತ್ತರ. ಹಿಂದಿನದು ಮಕ್ಕಳ ಬಂಡಿಯ ಗಾಲಿಯಷ್ಟು ಪುಟ್ಟದು. ಸವಾರನು ದೊಡ್ಡ ಗಾಲಿಯ ನೆತ್ತಿಯ ಮೇಲೆಯೇ ಕೂಡಬೇಕು. ಸರಪಳಿಯಿಲ್ಲ, ಹಲ್ಲುಚಕ್ರವಿಲ್ಲ, ತುಳಿಯುವ ಪೆಡಲುಗಳನ್ನು ಮುಂದಿನ ಗಾಲಿಯ ಅಚ್ಚಿಗೇ ಜೋಡಿಸಿರುತ್ತಿದ್ದರು. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗಿ ವಾಹನವು ಸುಮಾರು 13 ಅಡಿ ಮುಂದಕ್ಕೆ ಹೋಗುವುದು. ಗಾಲಿಯನ್ನು ಅಷ್ಟು ದೊಡ್ಡದಾಗಿ ಮಾಡಿದ್ದು ಇದೇ ಕಾರಣಕ್ಕೆ. ಏರು ಬಂದಿತೆಂದರೆ ಇಳಿದು ತಳ್ಳುವುದೊಂದೇ ಗತಿ. ಇಳಿಜಾರಿನ ಕಷ್ಟ ಇನ್ನೂ ಘೋರ: ಮುಂದಿನ ಗಾಲಿಗೆ ಒಂದು ಕಲ್ಲು ಅಡ್ಡವಾದರೆ ಸಾಕು, ಸವಾರನು ಹಿಡಿಕೆಯ ಮೇಲಿಂದ ತಲೆಕೆಳಗಾಗಿ ನೆಲಕ್ಕೆ ಬೀಳುವನು. ಗಾಳಿ ತುಂಬಿದ ಟೈರು ಇನ್ನೂ ಬಂದಿರಲಿಲ್ಲ. ಅದನ್ನು ಡನ್‌ಲಪ್ ರೂಪಿಸಿದ್ದು 1888ರಲ್ಲಿ. ಗಟ್ಟಿ ರಬ್ಬರಿನ ತೆಳುಪಟ್ಟಿಯೊಂದೇ ಗಾಲಿಗೂ ಕಲ್ಲಿಗೂ ನಡುವಣ ದಾಕ್ಷಿಣ್ಯ. ನಮ್ಮ ಇಂದಿನ ಸೈಕಲ್ಲುಗಳಿಗೆ ಮೂಲಪುರುಷನೆನ್ನಬಹುದಾದ ರೋವರ್ ಮಾದರಿಯು ಇಂಗ್ಲೆಂಡಿನಲ್ಲಿ ಹೊರಬಂದುದು 1885ರಲ್ಲಿ, ಅಂದರೆ ಸ್ಟೀವನ್ಸನು ಈ ಹಳೆಯ ಏರುಗಾಲಿಯೊಡನೆ ತುರ್ಕಸ್ಥಾನದ ಬೆಟ್ಟಗಳಲ್ಲಿ ಹೆಣಗುತ್ತಿದ್ದ ವರ್ಷವೇ.

1884ರ ಏಪ್ರಿಲ್ 22ರಂದು ಬೆಳಗಿನ 8 ಗಂಟೆಗೆ ಅವನು ಹೊರಟನು. ಸಾಮಾನೆಂದರೆ ಒಂದು ಹೆಚ್ಚಿನ ಅಂಗಿ, ಕಾಲುಚೀಲಗಳು, ಒಂದು ಪಿಸ್ತೂಲು, ಮತ್ತು ಮಳೆಗೆ ಹೊದೆಯಲೂ ರಾತ್ರಿ ಹಾಸಿ ಮಲಗಲೂ ಒದಗುವ ಒಂದು ರಬ್ಬರಿನ ನಿಲುವಂಗಿ. ಸಿಯೆರ್ರಾ ನೆವಾಡಾ ಪರ್ವತಗಳಲ್ಲಿ ರಸ್ತೆಯೇ ಹಿಮದಲ್ಲಿ ಹೂತುಹೋಗಿತ್ತು. ರೈಲುದಾರಿಯ ಮೇಲೆ ಹಿಮ ಕುಸಿಯದಂತೆ ಸುಮಾರು 40 ಮೈಲಿಯವರೆಗೆ ಮರದ ಮಾಡುಗಳನ್ನು ಕಟ್ಟಿದ್ದರು. ಆ ಕತ್ತಲೆಯ ಸುರಂಗದಂಥ ದಾರಿಯಲ್ಲಿ ವಾಹನವನ್ನು ತಳ್ಳಿಕೊಂಡು ನಡೆದನು. ರೈಲು ಬಂದಾಗ ಪಕ್ಕದ ಮರದ ಗೋಡೆಗೆ ಮೈಯನ್ನೂ ಬೈಸಿಕಲ್ಲನ್ನೂ ಒತ್ತಿಕೊಂಡು ನಿಲ್ಲುವುದು, ಹೊಗೆ ಕರಗಿದ ಮೇಲೆ ಮತ್ತೆ ನಡೆಯುವುದು. ಬೆಟ್ಟವಿಳಿದರೆ ನೆವಾಡಾದ ಮರುಭೂಮಿ. ಅಲ್ಲಿ ಅವನಿಗೊಂದು ಹೊಸ ಪಾಠವಾಯಿತು. ಮರಳಿನಲ್ಲಿ ಗಾಲಿ ಹೂತು ಹೋಗುವುದು ನಿಜ. ಆದರೆ ಬಿಸಿಲಿಗೆ ಒಣಗಿ ಬಿರುಸಾದ ಸವಳು ನೆಲವು ಎಷ್ಟೋ ರಾಜಮಾರ್ಗಗಳಿಗಿಂತ ನುಣುಪಾಗಿತ್ತು. ಮರುಭೂಮಿಯ ಈ ಗುಟ್ಟು ಮುಂದೆ ಇರಾನಿನಲ್ಲಿ ಅವನ ಕೈಹಿಡಿಯಿತು.

ಆಗಸ್ಟ್ 4ರಂದು ಪೂರ್ವತೀರದ ಬಾಸ್ಟನ್ ನಗರವನ್ನು ಮುಟ್ಟಿದಾಗ ಸುಮಾರು 3,700 ಮೈಲಿಗಳಾಗಿದ್ದವು, ನೂರಮೂರೂವರೆ ದಿನಗಳು ಕಳೆದಿದ್ದವು. ದಾರಿಯ ಮೂರರಲ್ಲೊಂದು ಪಾಲನ್ನು ಅವನು ನಡೆದೇ ದಾಟಿದ್ದನೆಂಬುದನ್ನು ಮರೆಯಬಾರದು. ಅಮೇರಿಕೆಯ ಉದ್ದಕ್ಕೂ ಬೈಸಿಕಲ್ಲು ದಾಟಿದ್ದು ಅದೇ ಮೊದಲು. ನ್ಯೂಯಾರ್ಕಿನಲ್ಲಿ ಚಳಿಗಾಲ ಕಳೆಯುವಾಗ ‘ಔಟಿಂಗ್’ ಎಂಬ ಪತ್ರಿಕೆಯು ಅವನನ್ನು ತನ್ನ ಬಾತ್ಮೀದಾರನನ್ನಾಗಿ ಮಾಡಿಕೊಂಡು ಉಳಿದ ಲೋಕವನ್ನೂ ಸುತ್ತಿಬರಲು ನೆರವಾಯಿತು.

1885ರ ಏಪ್ರಿಲ್ 9ರಂದು ಹಡಗು ಹತ್ತಿ ಅವನು ಲಿವರ್‌ಪೂಲಿನಲ್ಲಿ ಇಳಿದ ದಿನಗಳಲ್ಲಿ ಇಂಗ್ಲೆಂಡಿನ ಪತ್ರಿಕೆಗಳ ತುಂಬ ಒಂದೇ ಸುದ್ದಿ: ಮಾರ್ಚ್ 30ರಂದು ಆಫ್ಘಾನಿಸ್ತಾನದ ಉತ್ತರದಂಚಿನ ಪಂಜ್‌ದೆಹ್ ಎಂಬಲ್ಲಿ ರಷ್ಯದ ಪಡೆ ಆಫ್ಘನ್ ಪಡೆಯನ್ನು ಹೊಡೆದೋಡಿಸಿತ್ತು. ನೂರಾರು ಮಂದಿ ಸತ್ತಿದ್ದರು. ರಷ್ಯ ಹಿಂದುಸ್ಥಾನದತ್ತ ನುಗ್ಗುವುದೆಂದೂ ಯುದ್ಧ ತಪ್ಪದೆಂದೂ ಗದ್ದಲವೆದ್ದಿತ್ತು. ಮೇ ತಿಂಗಳ ಮೊದಲಲ್ಲಿ ಲಿವರ್‌ಪೂಲಿನಿಂದ ಪೂರ್ವಾಭಿಮುಖವಾಗಿ ಪೆಡಲು ತುಳಿಯತೊಡಗಿದ ಸ್ಟೀವನ್ಸನು ಆ ಗದ್ದಲದ ದಿಕ್ಕಿಗೇ ಹೊರಟಿದ್ದನು.

ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳ ಪ್ರಯಾಣವನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಒಳ್ಳೆಯ ರಸ್ತೆಗಳು, ಒಳ್ಳೆಯ ಊಟ, ಅಲ್ಲಲ್ಲಿ ಸೈಕಲ್ ಸಂಘಗಳ ಸತ್ಕಾರ. ಸರ್ಬಿಯಾ, ಬಲ್ಗೇರಿಯಾಗಳನ್ನು ದಾಟಿ ಕಾನ್‌ಸ್ಟಾಂಟಿನೋಪಲ್ ಎಂದರೆ ಇಂದಿನ ಇಸ್ತಾಂಬುಲ್ ನಗರದಲ್ಲಿ ತುಸು ತಂಗಿ, ಆಗಸ್ಟ್ ತಿಂಗಳಲ್ಲಿ ಏಷ್ಯದ ನೆಲವನ್ನು ತುಳಿದನು. ನಿಜವಾದ ಯಾತ್ರೆ ಇಲ್ಲಿಂದ.

ಅಂಗೋರಾ, ಸಿವಾಸ್, ಎರ್ಜಿಂಜಾನ್, ಎರ್ಜೂರುಮ್: ಒಂದಾದ ಮೇಲೊಂದು ಬೆಟ್ಟದ ಸಾಲು. ಎರ್ಜೂರುಮ್ ಪಟ್ಟಣವಿರುವುದೇ ಸಮುದ್ರಮಟ್ಟದಿಂದ 6,000 ಅಡಿಗಳಿಗಿಂತ ಎತ್ತರದಲ್ಲಿ. ಕಡಿದಾದ ಕಣಿವೆಗಳಲ್ಲಿ ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತು, ಹೊಳೆಗಳಲ್ಲಿ ತಲೆಯ ಮೇಲೆತ್ತಿ ದಾಟಬೇಕಾಗುತ್ತಿತ್ತು. ಆದರೆ ಅವನನ್ನು ಬೆಟ್ಟಗಳಿಗಿಂತ ಹೆಚ್ಚಾಗಿ ದಣಿಸಿದವರು ಜನರು. ಹಳ್ಳಿಗೆ ಕಾಲಿಟ್ಟನೆಂದರೆ ‘ಬಿನ್! ಬಿನ್!’ ಎಂಬ ಕೂಗು ಏಳುತ್ತಿತ್ತು. ತುರ್ಕಿ ಭಾಷೆಯಲ್ಲಿ ಹತ್ತು, ಹತ್ತಿ ತೋರಿಸು ಎಂದು ಅದರ ಅರ್ಥ. ಹಸಿದು ಬಂದವನು ಮೊದಲು ಊರ ಬಯಲಲ್ಲಿ ನಾಲ್ಕು ಸುತ್ತು ಹೊಡೆಯಬೇಕು. ಬಳಿಕ ರೊಟ್ಟಿ, ಮೊಸರು. ಪಾಶಾಗಳ ಅಂಗಳದಲ್ಲಿಯೂ ಇದೇ ಪಾಡು. ಒಂದು ಮಾತೂ ಬಾರದ ದೇಶದಲ್ಲಿ ಆ ವಾಹನವೇ ಅವನ ಪರವಾಗಿ ಮಾತಾಡುತ್ತಿತ್ತು. ಅದೇ ಅವನ ರಹದಾರಿ.

ರಹದಾರಿ ಎಂದೆವು. ಈ ಶಬ್ದವನ್ನು ಬರೆಯುವಾಗ ಲೇಖನಿ ತಡೆಯಿತು. ಸ್ಟೀವನ್ಸನು ತುರ್ಕಿ ಗಡಿಯನ್ನು ದಾಟಿ ಇರಾನಿನೊಳಗೆ ಬಂದಾಗ ಹಳ್ಳಿಗರ ಕೂಗು ಬದಲಾಯಿತು. ಈಗ ಅವರು ಕೂಗುತ್ತಿದ್ದುದು ‘ಸವಾರ್’ ಆಗು, ‘ತಮಾಶಾ’ ತೋರಿಸು ಎಂದು. ನಮ್ಮ ಅಕ್ಕಲಕೋಟೆಯ ಸಂತೆಯಲ್ಲಿ ಯಾರಾದರೂ ಹಾಗೆ ಕೂಗಿದ್ದರೆ ಅನುವಾದ ಬೇಕಾಗುತ್ತಿರಲಿಲ್ಲ! ಅವನ ವಾಹನವನ್ನು ಅವರು ಕಬ್ಬಿಣದ ‘ಅಸ್ಪ್’ ಎಂದರು. ಅಸ್ಪ್ ಎಂದರೆ ಕುದುರೆ. ಸಂಸ್ಕೃತದ ಅಶ್ವಕ್ಕೂ ಅದಕ್ಕೂ ಒಂದೇ ತಾಯಿಬೇರು. ಸವಾರ, ತಮಾಷೆ, ರಸ್ತೆ, ಕಾರಖಾನೆ, ಜಮೀನು, ಗುಮಾಸ್ತ, ರಹದಾರಿ, ಕೊನೆಗೆ ಸರಹದ್ದು ಎಂಬ ಮಾತು ಕೂಡ ಪಾರಸೀಕದ ಮೂಲಕವೇ ನಮ್ಮ ನುಡಿಗೆ ಬಂದುವು. ಈ ಮಾತುಗಳು ಆ ದೂರದ ನಾಡಿನಿಂದ ನಮ್ಮ ಸೀಮೆಗೆ ಬಂದ ಬಗೆಯೂ ಗುಪ್ತವಾದುದೇನಲ್ಲ. ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಇರಾನಿನಿಂದ ಬಂದ ಪಂಡಿತರಿಗೆ, ಸರದಾರರಿಗೆ, ಲೇಖಕರಿಗೆ ಆಶ್ರಯವಿದ್ದಿತು. ಎರಡನೆಯ ಇಬ್ರಾಹಿಮ್ ಆದಿಲಶಹನ ಕಾಲದಲ್ಲಿ ದಖ್ಖಣದ ಚರಿತ್ರೆಯನ್ನು ಪಾರಸೀಕ ಭಾಷೆಯಲ್ಲಿ ಬರೆದ ಫಿರಿಸ್ತನು ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತ್ರಾಬಾದಿನಲ್ಲಿ. ಆ ಊರಿಗೆ ನಮ್ಮ ಸವಾರನೂ ಮುಂದೆ ಹೋಗಲಿದ್ದಾನೆ, ತನ್ನ ಇಚ್ಛೆಯಿಂದಲ್ಲ.

1885ರ ಸೆಪ್ಟೆಂಬರ್ 30ರಂದು ಸ್ಟೀವನ್ಸನು ತೆಹರಾನ್ ಸೇರಿದನು. ಅರರಾತ್ ಪರ್ವತದ ನೆರಳಿನಿಂದ ತಬ್ರೀಜ್, ಜಂಜಾನ್, ಕಜ್ವೀನ್‌ಗಳ ಮೇಲೆ ಬಂದ ದಾರಿಯದು. ಮುಂದೆ ಚಳಿಗಾಲ ಕಾದಿತ್ತು. ಐದು ತಿಂಗಳಿಗೂ ಮಿಕ್ಕಿ ಅಲ್ಲಿಯೇ ನಿಂತನು. ಲಂಡನ್ನಿನಿಂದ ತೆಹರಾನಿನ ಮೇಲೆ ಹಾಯ್ದು ಹಿಂದುಸ್ಥಾನಕ್ಕೆ ಬರುವ ತಂತಿಯ ಮಾರ್ಗವು 1870ರಲ್ಲಿಯೇ ತೆರೆದಿತ್ತು. ಆ ತಂತಿ ಕಚೇರಿಯ ಆಂಗ್ಲ ನೌಕರರು ಅವನಿಗೆ ಇರಲು ಮನೆ ಕೊಟ್ಟರು. ಶಹಾ ನಾಸಿರುದ್ದೀನನಿಗೂ ಈ ತಮಾಷೆಯನ್ನು ನೋಡುವ ಮನಸ್ಸಾಯಿತು. ಶಹಾನು ನಗರದ ಹೊರಗಿನ ದೋಶಾನ್ ತೆಪೆ ಎಂಬ ತನ್ನ ಅರಮನೆಗೆ ಸವಾರಿ ಹೊರಟಾಗ, ಸ್ಟೀವನ್ಸನು ಅವನ ಮೆರವಣಿಗೆಯ ಜೊತೆಯಲ್ಲಿ ಬೈಸಿಕಲ್ಲನ್ನು ಓಡಿಸುತ್ತ ಹೋದನು.

ಒಬ್ಬಂಟಿ ಯಾತ್ರಿಕನೆಂದು ನಾವು ಅವನನ್ನು ಕರೆಯುತ್ತೇವೆ, ಸರಿಯೆ. ಆದರೆ ಈ ಏಕಾಂಗಿತನದ ಲೆಕ್ಕವನ್ನು ಸ್ವಲ್ಪ ಜಾಡಿಸಿ ನೋಡಬೇಕಾಗುತ್ತದೆ. ದಾರಿಯ ಉದ್ದಕ್ಕೂ ಅವನಿಗೆ ಕಾನ್ಸಲರ ಪತ್ರಗಳಿದ್ದವು, ಪಾದ್ರಿಗಳ ಮನೆಗಳಿದ್ದವು, ತಂತಿ ಕಚೇರಿಗಳಿದ್ದವು. ಅವನ ಬೆನ್ನ ಹಿಂದೆ ಒಂದು ಸಾಮ್ರಾಜ್ಯದ ಭಯ ನಿಂತಿತ್ತು. ಇದಾವುದೂ ಇಲ್ಲದ ಹಳ್ಳಿಗಳಲ್ಲಿ ಬಡ ರೈತರ ರೊಟ್ಟಿಯಿತ್ತು. ಅವನ ಪುಸ್ತಕವನ್ನು ಓದುವಾಗ ನಮಗೆ ಬೇಸರವಾಗುವ ಸ್ಥಳಗಳಿಲ್ಲದಿಲ್ಲ. ತನಗೆ ಅನ್ನವಿಟ್ಟವರನ್ನೇ ಅನಾಗರಿಕರೆಂದು ಗೇಲಿ ಮಾಡುವ ಬಿಳಿಯ ದೊರೆತನ ಅಲ್ಲಿ ಧಾರಾಳವಾಗಿದೆ. ಆದರೂ ಯಾವ ಊರಲ್ಲಿ ಯಾರು ಏನು ಕೊಟ್ಟರೆಂಬುದನ್ನು ಬರೆದಿಡುವ ಪ್ರಾಮಾಣಿಕತೆ ಅವನಲ್ಲಿತ್ತು. ಅದರಿಂದಲೇ ಆ ಹಳ್ಳಿಗಳ ಉಪಕಾರ ನಮಗೆ ಗೊತ್ತಾಗಿದೆ.

1886ರ ಮಾರ್ಚ್ 10ರಂದು ತೆಹರಾನ್ ಬಿಟ್ಟನು. ಮೆಶೆದ್ ನಗರಕ್ಕೆ ಹೋಗುವ ಆ ದಾರಿ ಇಮಾಮ್ ರೆಜಾ ಅವರ ಸಮಾಧಿಗೆ ನಡೆಯುವ ಯಾತ್ರಿಕರ ದಾರಿ. ಎಡಕ್ಕೆ ಬೆಟ್ಟ, ಬಲಕ್ಕೆ ಉಪ್ಪಿನ ಮರುಭೂಮಿ. ಒಂದೊಂದು ದಿನದ ಪ್ರಯಾಣಕ್ಕೆ ಒಂದೊಂದು ಛತ್ರ. ಅವುಗಳಲ್ಲಿ ಹಲವನ್ನು 17ನೆಯ ಶತಮಾನದ ಶಹಾ ಅಬ್ಬಾಸನು ಕಟ್ಟಿಸಿದನೆಂದು ಜನ ಹೇಳುವರು. ಟಪಾಲು ಕುದುರೆಗಳ ಠಾಣೆಯಲ್ಲಿ ಬಾಗಿಲ ಮೇಲಣ ‘ಬಾಲಾಖಾನೆ’ಯ ಕೋಣೆ ದೊರೆತರೆ ಅದೇ ಅರಮನೆ. ದೂರವನ್ನು ಅಳೆಯುವುದು ‘ಫರ್ಸಕ್’ ಎಂಬ ಲೆಕ್ಕದಿಂದ. ನಮ್ಮ ಹಿರಿಯರ ಹರದಾರಿಯಂತೆಯೇ ಅದು. ಊರಿಂದೂರಿಗೆ ಹಿಗ್ಗುವುದು, ಕುಗ್ಗುವುದು, ದಣಿದವನಿಗಂತೂ ಮುಗಿಯುವುದೇ ಇಲ್ಲ. ಒಂಟೆಗಳ ಸಾಲು ನೂರಾರು ವರ್ಷ ತುಳಿದು ತುಳಿದು ಮಾಡಿದ ಕಾಲುದಾರಿಗಳು ಬೈಸಿಕಲ್ಲಿಗೆ ಹೇಳಿಮಾಡಿಸಿದಂತಿದ್ದವು. ಒಂಟೆಯ ಪಾದ ಮೆದು. ಕಲ್ಲು ಎಬ್ಬಿಸದು, ಗುಂಡಿ ತೋಡದು. ಕುದುರೆ ಹೇಸರಗತ್ತೆಗಳ ಲಾಳದಿಂದ ಕೆಟ್ಟ ದಾರಿಗಿಂತ ಒಂಟೆಯ ದಾರಿಯಲ್ಲಿ ಅವನು ಸುಖವಾಗಿ ಸಾಗಿದನು.

ಅವನ ಯೋಜನೆ ಇದ್ದುದು ಬೇರೆ. ಮಧ್ಯ ಏಷ್ಯವನ್ನು ಹೊಕ್ಕು, ಅಲ್ಲಿಂದ ಸೈಬೀರಿಯಾವನ್ನು ಹಾಯ್ದು ಪೆಸಿಫಿಕ್ ಸಾಗರವನ್ನು ಮುಟ್ಟಬೇಕೆಂದು ಅವನ ಇರಾದೆ. ರಷ್ಯದ ಸರಕಾರ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವರಿಗೆ ಕಾರಣವಿತ್ತು. ಮೆರ್ವ್ ಪ್ರದೇಶವನ್ನು 1884ರಲ್ಲಿ ನುಂಗಿದ್ದ ರಷ್ಯ ಅಲ್ಲಿಗೆ ದಂಡಿನ ರೈಲುದಾರಿಯನ್ನು ಹಾಸುತ್ತಿತ್ತು. 1886ರ ಬೇಸಗೆಯಲ್ಲಿ ಅದು ಮೆರ್ವ್ ತಲುಪಿತು. ಅಂಥ ಕಡೆಗೆ, ಬರೆಯುವ ಕೈಯುಳ್ಳ ಒಬ್ಬ ಆಂಗ್ಲನನ್ನು ಯಾರು ಬಿಟ್ಟಾರು? ಇನ್ನುಳಿದ ದಾರಿ ಒಂದೇ. ಆಫ್ಘಾನಿಸ್ತಾನವನ್ನು ದಾಟಿ ಹಿಂದುಸ್ಥಾನ. ಅದಕ್ಕೂ ಅಪ್ಪಣೆಯಿರಲಿಲ್ಲ. ಅಮೀರ ಅಬ್ದುರ್ ರಹಮಾನನು ಪರಂಗಿಗಳನ್ನು ತನ್ನ ನಾಡಿನೊಳಗೆ ಬಿಡುತ್ತಿರಲಿಲ್ಲ. ಅಲ್ಲಿ ಒಬ್ಬ ಆಂಗ್ಲನು ಸತ್ತರೆ ಮತ್ತೆ ತಂಟೆಯಾದೀತೆಂದು ಬ್ರಿಟಿಷರಿಗೂ ಅಳುಕು.

ಪಂಜ್‌ದೆಹ್ ಕದನದ ಬಳಿಕ ರಷ್ಯಕ್ಕೂ ಆಫ್ಘಾನಿಸ್ತಾನಕ್ಕೂ ನಡುವೆ ಗಡಿಯನ್ನು ಗುರುತಿಸಲು ರಷ್ಯ ಮತ್ತು ಬ್ರಿಟನ್ ದೇಶಗಳ ಕೂಡು ಆಯೋಗವೊಂದು 1885ರಿಂದ ಅದೇ ಹೆರಾತ್ ಸೀಮೆಯ ಉತ್ತರಕ್ಕೆ ಡೇರೆ ಹಾಕಿತ್ತು. ಬ್ರಿಟಿಷರ ಕಡೆಯ ಮುಖ್ಯಸ್ಥನು ರಿಜ್‌ವೇ. ಹುಲ್ಲುಗಾವಲು ಯಾರದು, ಕಾಲುವೆಯ ನೀರು ಯಾವ ಬುಡಕಟ್ಟಿಗೆ, ಬಾವಿ ಯಾವ ಕಡೆಗೆ ಸೇರಬೇಕು ಎಂದು ಕಂಬ ನೆಡುತ್ತ ಹೋದ ಕೆಲಸವದು. ಆ ಕುರಿಗಾಹಿಗಳು ತಾವಿದ್ದಲ್ಲಿಯೇ ಇದ್ದರು. ದೊರೆ ಮಾತ್ರ ಬದಲಾದನು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಮನೆಯ ಹೊಸ್ತಿಲನ್ನು ದಾಟದೆಯೇ ಗಡಿಯವರಾದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಆಯೋಗದ ಕೊನೆಯ ಒಪ್ಪಂದಕ್ಕೆ 1887ರಲ್ಲಿ ರಷ್ಯದ ರಾಜಧಾನಿಯಲ್ಲಿ ರುಜು ಬಿತ್ತು. ಗೆರೆ ಇನ್ನೂ ಹಸಿಯಾಗಿದ್ದ ಇಂಥ ಹೊತ್ತಿನಲ್ಲಿ ನಮ್ಮ ಸವಾರನು ಅಪ್ಪಣೆಯಿಲ್ಲದೆ ಆ ಸೀಮೆಯತ್ತ ಗಾಲಿ ತಿರುಗಿಸಿದನು.

ಮೆಶೆದಿನಿಂದ ದಕ್ಷಿಣಕ್ಕೆ ಇಳಿದು, ಬಿರ್ಜಂದ್ ಪಟ್ಟಣದಿಂದ ಪೂರ್ವಕ್ಕೆ ತಿರುಗಿದರೆ ಆಫ್ಘನ್ ಗಡಿಯ ಮೇಲೆ ಒಂದು ಮರುಭೂಮಿ ಚಾಚಿದೆ. ಅದರ ಹೆಸರು ದಶ್ತ್-ಎ-ನಾಉಮೀದ್. ದಶ್ತ್ ಎಂದರೆ ಬಯಲು. ಉಮೀದ್ ಎಂಬುದು ನಮ್ಮ ‘ಉಮೇದು’. ಚುನಾವಣೆಗೆ ನಿಲ್ಲುವ ಉಮೇದುವಾರನಲ್ಲಿಯೂ ಅದೇ ಇದೆ. ಉಮೇದು ಉಡುಗಿದ ಬಯಲು, ನಿರಾಶೆಯ ಮರುಭೂಮಿ ಎಂದು ಜನರೇ ಇಟ್ಟ ಹೆಸರು. ನೀರಿನ ಸುಳಿ ಕಡಿಮೆ, ಊರುಗಳಿಲ್ಲ, ಕುರುಚಲು ಮುಳ್ಳು ಮತ್ತು ಬಿರಿದ ನೆಲ. ಈ ಬಯಲನ್ನೂ ಅವನು ದಾಟಿದನೆಂಬುದನ್ನು ಗಮನಿಸಬೇಕು. ನಿರಾಶೆಯೆಂದೇ ಹೆಸರು ಪಡೆದ ನೆಲವು ಅವನಿಗೆ ಹಾದಿ ಕೊಟ್ಟಿತು. ಅದರಾಚೆಗಿದ್ದ ಫರಾ ಎಂಬ ಆಫ್ಘನ್ ಪಟ್ಟಣದ ಅಧಿಕಾರಿ ಕೊಡಲಿಲ್ಲ.

ಫರಾದಲ್ಲಿ ಅವನನ್ನು ತಡೆದರು. ಹೊಡೆಯಲಿಲ್ಲ, ಬೈಯಲಿಲ್ಲ, ಊಟ ಕೊಟ್ಟರು, ಕಾವಲಿಟ್ಟರು. ಮುಂದಕ್ಕೆ ಹೋಗಗೊಡದೆ ಸವಾರರ ಕಾವಲಿನಲ್ಲಿ ಉತ್ತರಕ್ಕೆ ಹೆರಾತಿಗೆ ಒಯ್ದರು. ಅಲ್ಲಿಯೂ ನಗರದ ಹೊರಗೆ ಕೆಲಕಾಲ ಇರಿಸಿಕೊಂಡು, ಬಳಿಕ ಇರಾನಿನ ಗಡಿಗೆ ತಂದು ಬಿಟ್ಟರು. ಅತಿಥಿಯೆನ್ನಲೂ ಬಹುದು, ಸೆರೆಯಾಳೆನ್ನಲೂ ಬಹುದು. ನೇರವಾಗಿ ಹೋಗಿದ್ದರೆ ಕೆಲವು ನೂರು ಮೈಲಿಗಳಲ್ಲಿ ಕ್ವೆಟ್ಟಾ ಸಿಗುತ್ತಿತ್ತು. ಈಗ ಅವನು ಬಂದ ದಾರಿಯಲ್ಲೇ ಪಶ್ಚಿಮಕ್ಕೆ ಮರಳಿ, ಅಸ್ತ್ರಾಬಾದಿಗೆ ಇಳಿದು, ಕ್ಯಾಸ್ಪಿಯನ್ ಸಮುದ್ರವನ್ನು ಹಡಗಿನಲ್ಲಿ ದಾಟಿ ಬಾಕು ಸೇರಿ, ಅಲ್ಲಿಂದ ರೈಲಿನಲ್ಲಿ ಬಾಟುಮಿ, ಮತ್ತೆ ಹಡಗಿನಲ್ಲಿ ಕಾನ್‌ಸ್ಟಾಂಟಿನೋಪಲ್, ಸೂಯೆಜ್, ಕೊನೆಗೆ ಕರಾಚಿ! ಹಿಂದಿನ ವರ್ಷ ಬೆವರು ಸುರಿಸಿ ಬಿಟ್ಟುಹೋದ ಊರಿಗೇ ಹಡಗಿನಲ್ಲಿ ಮರಳಿ ಬಂದವನ ಮನಸ್ಸು ಹೇಗಿದ್ದಿರಬೇಕು!

ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ದಿಲ್ಲಿ, ಆಗ್ರಾ, ಕಾನಪುರ, ಪ್ರಯಾಗ, ಕಾಶಿಗಳನ್ನು ನೋಡುತ್ತ ಸಾಗಿದನು. ಶೇರಶಹನ ಕಾಲದಿಂದ ಹೆಸರುವಾಸಿಯಾದ ಆ ರಸ್ತೆಯ ಸಮತಟ್ಟೂ ಮರಗಳ ನೆರಳೂ ಅವನಿಗೆ ಬಲು ಮೆಚ್ಚಾದವು. ದಕ್ಷಿಣಕ್ಕೆ ಅವನು ಇಳಿಯಲಿಲ್ಲ. ನಮ್ಮ ಭಾಗದವರಿಗೆ ಆ ಏರುಗಾಲಿಯ ತಮಾಷೆ ತಪ್ಪಿತು. ಅವನಿಗೆ ಮುಚ್ಚಿದ ದಿಕ್ಕಿನಲ್ಲಿ ಮುಂದೆ ನಮ್ಮವರೇ ಹೊರಟರು. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲುಗಳ ಮೇಲೆ ಬಲೂಚಿಸ್ತಾನದ ಮೂಲಕ ಇರಾನಿಗೆ, ತಮ್ಮ ಪೂರ್ವಜರ ನಾಡಿಗೆ ಹೋದರು. ಅವರಲ್ಲಿ ಹಕೀಮ್, ಬಾಪಾಸೋಲಾ, ಭೂಮ್‌ಗಾರಾ ಎಂಬ ಮೂವರು ಲೋಕವನ್ನೇ ಸುತ್ತಿ 1928ರಲ್ಲಿ ಮುಂಬಯಿಗೆ ಮರಳಿದರು.

ಸ್ಟೀವನ್ಸನ ಉಳಿದ ದಾರಿಯನ್ನು ಬೇಗ ಮುಗಿಸಬಹುದು. ಚೀನದಲ್ಲಿ ಫ್ರೆಂಚರೊಡನೆ ನಡೆದ ಯುದ್ಧ ಮುಗಿದು ಎರಡು ವರ್ಷವೂ ಕಳೆದಿರಲಿಲ್ಲ. ಪರಂಗಿಯ ಮುಖ ಕಂಡರೆ ಜನ ಕೆರಳುತ್ತಿದ್ದರು. ಒಂದು ಪಟ್ಟಣದಲ್ಲಿ ಕಲ್ಲೆಸೆದು ಬೆನ್ನಟ್ಟಿದಾಗ ಅಲ್ಲಿಯ ಚೀನೀ ಅಧಿಕಾರಿಗಳೇ ಆಶ್ರಯ ಕೊಟ್ಟು ಜೀವ ಉಳಿಸಿದರು. ಜಪಾನಿನ ನಾಗಾಸಾಕಿಯಿಂದ ಪೆಡಲು ತುಳಿದು 1886ರ ಡಿಸೆಂಬರ್ 17ರಂದು ಯೊಕೊಹಾಮಾ ತಲುಪಿದನು. ಗಾಲಿಯ ಮೇಲೆ ಕ್ರಮಿಸಿದ ದಾರಿ ಒಟ್ಟು ಸುಮಾರು 13,500 ಮೈಲಿ. ಯಾತ್ರೆಯ ವೃತ್ತಾಂತ ಎರಡು ದೊಡ್ಡ ಸಂಪುಟಗಳಾಗಿ ಅಚ್ಚಾಯಿತು. ಅವನು 1935ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಗೆಲುವಿನ ಕಥೆಯಾದೀತು. ಆದರೆ ಅದೇ ದಾರಿಗೆ ಇನ್ನೊಬ್ಬನ ಹೆಸರೂ ಅಂಟಿಕೊಂಡಿದೆ. ಪಿಟ್ಸ್‌ಬರ್ಗ್ ನಗರದ ಫ್ರಾಂಕ್ ಲೆಂಜ್ ಎಂಬ ತರುಣನು 1892ರ ಮೇ ತಿಂಗಳಲ್ಲಿ, ಅದೇ ‘ಔಟಿಂಗ್’ ಪತ್ರಿಕೆಯ ಬಾತ್ಮೀದಾರನಾಗಿ, ಒಬ್ಬನೇ ಲೋಕಯಾತ್ರೆಗೆ ಹೊರಟನು. ಅವನ ಸೈಕಲ್ಲು ಹೊಸ ಮಾದರಿಯದು: ಸಮನಾದ ಗಾಲಿಗಳು, ಗಾಳಿ ತುಂಬಿದ ಟೈರುಗಳು. ಸ್ಟೀವನ್ಸನಿಗೆ ಕನಸಿನಲ್ಲಿಯೂ ಇರದ ಸೌಕರ್ಯ. ಚೀನ, ಬರ್ಮಾ, ಹಿಂದುಸ್ಥಾನಗಳನ್ನು ದಾಟಿ ಇರಾನಿಗೆ ಬಂದು, 1894ರ ಮೇ ತಿಂಗಳಲ್ಲಿ ತಬ್ರೀಜ್ ಬಿಟ್ಟು ಎರ್ಜೂರುಮ್ ಕಡೆಗೆ ಹೊರಟನು. ಸ್ಟೀವನ್ಸನು ಒಂಬತ್ತು ವರ್ಷಗಳ ಹಿಂದೆ ಎದುರು ದಿಕ್ಕಿನಿಂದ ಬಂದ ಸೀಮೆಯೇ ಅದು. ಲೆಂಜ್ ಎರ್ಜೂರುಮ್ ಮುಟ್ಟಲಿಲ್ಲ.

ಮೊದಲು ಕಾಗದಗಳು ನಿಂತವು. ಮನೆಯಲ್ಲಿ ತಾಯಿ ಕಾದಳು. 1895ರಲ್ಲಿ ಪತ್ರಿಕೆಯವರು ವಿಲಿಯಮ್ ಸಾಖ್ಟ್‌ಲೆಬೆನ್ ಎಂಬವನನ್ನು ಹುಡುಕಲು ಕಳುಹಿದರು. ಅವನೂ ಗೆಳೆಯನೊಡನೆ ಅದೇ ದೇಶಗಳನ್ನು ಸೈಕಲ್ಲಿನ ಮೇಲೆ ದಾಟಿದ್ದ ಅನುಭವಿ. ಲೆಂಜ್‌ನನ್ನು ದಾರಿಯಲ್ಲಿ ಕುರ್ದರು ಕೊಂದರೆಂದು ವಿಚಾರಣೆಯಿಂದ ಅವನು ತಿಳಿದನು, ದೇಹ ಸಿಗಲಿಲ್ಲ. ಬೆಟ್ಟಗಳು ಅವೇ, ಕಣಿವೆಗಳು ಅವೇ. ನಡುವೆ ಬದಲಾಗಿದ್ದುದು ದೇಶದ ಸ್ಥಿತಿ. ಸುಲ್ತಾನನ ಆಳಿಕೆಯಲ್ಲಿ ಅರ್ಮೇನಿಯರ ಮೇಲೆ 1894ರಿಂದ 1896ರವರೆಗೆ ನಡೆದ ಹತ್ಯಾಕಾಂಡಗಳು ಆ ಸೀಮೆಯನ್ನು ಸುಡತೊಡಗಿದ್ದವು. ಸಾಖ್ಟ್‌ಲೆಬೆನ್ ಇನ್ನೂ ಎರ್ಜೂರುಮಿನಲ್ಲಿರುವಾಗಲೇ, 1895ರ ಅಕ್ಟೋಬರ್ 30ರಂದು, ಅಲ್ಲಿಯ ಅರ್ಮೇನಿಯರ ಅಂಗಡಿ ಮನೆಗಳ ಮೇಲೆ ಕೊಲೆಗಡುಕರು ಬಿದ್ದರು. ಒಬ್ಬನ ಗೋರಿಯನ್ನು ಹುಡುಕಲು ಹೋದವನು ಸ್ಮಶಾನದಲ್ಲಿ ಸಾಲುಸಾಲಾಗಿ ಮಲಗಿಸಿದ್ದ ನೂರಾರು ಹೆಣಗಳನ್ನು ನೋಡಿ, ಕಂಡುದನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು ಕಳುಹಿದನು. ಆ ಪತ್ರವು ಚರಿತ್ರಕಾರರಿಗೆ ಇಂದಿಗೂ ಸಾಕ್ಷಿ.

ಎರ್ಜೂರುಮಿನ ಸುತ್ತಣ ಬಯಲಿನಲ್ಲಿ 1885ರಲ್ಲಿ ಸ್ಟೀವನ್ಸನು ತಂಗಿದ್ದ, ರೊಟ್ಟಿ ಮೊಸರು ಉಂಡಿದ್ದ ಅರ್ಮೇನಿಯನ್ ಹಳ್ಳಿಗಳು ಆ ಬಳಿಕವೂ ಇಪ್ಪತ್ತು ವರ್ಷ ಉಸಿರು ಹಿಡಿದುಕೊಂಡಿದ್ದವು. 1915ರ ಗಡೀಪಾರಿನಲ್ಲಿ ಅವು ಬರಿದಾದವು.